ಬ್ಯಾಂಕಾಕಿನಲ್ಲಿ ನಾಲ್ಕು ದಿನ ಚಕ್ರಯಾನ

ಬ್ಯಾಂಕಾಕಿಗೆ ನಾವು ಹೋಗಿದ್ದು ಇದು ಎರಡನೇ ಸಲ. ಆರು ವರ್ಷದ ಹಿಂದೆ ಹೋದಾಗ ನೋಡಿದ್ದು ಮೂರೇ ಮೂರು: ಮಾಲು, ಸ್ಕೈಟ್ರೈನು, ಟ್ಯಾಕ್ಸಿ ಕಿಟಕಿಯಿಂದ ಟ್ರಾಫಿಕ್ಕು. ಟ್ರಾಫಿಕ್ ನೋಡೋಕೆ ಸಿಲ್ಕ್ ಬೋರ್ಡ್ ಸಾಕಿತ್ತಲ್ವಾ, ಇಷ್ಟು ದುಡ್ಡು ಸುರಿದು ಬರಬೇಕಿತ್ತಾ ಅಂತ ಇವರು ವಾಪಸ್ ವಿಮಾನದಲ್ಲೇ ಗೊಣಗಿದ್ದರು. ಅದಕ್ಕೇ ಈ ಸಲ ಡಿಸೆಂಬರ್ ಕೊನೆಗೆ ಟಿಕೆಟ್ ಮಾಡುವಾಗ ನಾನೇ ಷರತ್ತು ಹಾಕಿದೆ. ನಾಲ್ಕು ದಿನ, ನಾಲ್ಕೂ ದಿನ ಸೈಕಲ್. ಗೈಡು ಅದೇ ಊರಿನವರಾಗಿರಬೇಕು.

ಇವರು ಕೊನೆಯ ಸಲ ಸೈಕಲ್ ಹೊಡೆದಿದ್ದು ಪಿಯುಸಿಯಲ್ಲಿ. ನಾನು ಬ್ರಹ್ಮಾವರದ ಕಡೆಯವಳು. ಅಣ್ಣನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಗದ್ದೆ ಬದುವಿನ ಮೇಲೆ ಒಳಪೆಡಲ್ ಹೊಡೆದು ಕಲಿತವಳು. ನನಗೇನು ಭಯ ಅಂದುಕೊಂಡಿದ್ದೆ. ಆ ಜಂಬ ಮೂರನೇ ದಿನ ಇಳಿಯಿತು, ಅದು ಆಮೇಲೆ.

ಮೊದಲ ದಿನ, ಗುರುವಾರ

ಬೆಳಿಗ್ಗೆ ಏಳೂವರೆಗೆ ಹೇಳಿದ ಗಲ್ಲಿಗೆ ಹೋದಾಗ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಅಗಲ ಸೀಟು, ನೆಟ್ಟಗೆ ಕೂರುವ ಹ್ಯಾಂಡಲ್ಲು, ಮೂರು ಗೇರು. ನಮ್ಮ ಗೈಡ್ ಐವತ್ತರ ಆಸುಪಾಸಿನ ಹೆಂಗಸು, ತಲೆಗೆ ದೊಡ್ಡ ಟೋಪಿ, ಕೈಗೆ ಬಿಸಿಲು ತಾಗದ ಹಾಗೆ ಬಟ್ಟೆಯ ತೋಳು. ಹೆಸರು ಹೇಳಿದರು, ನಮ್ಮ ಬಾಯಲ್ಲಿ ಹೊರಳಲಿಲ್ಲ. 'ಪೀ' ಅನ್ನಿ ಸಾಕು ಅಂದರು. ಪೀ ಅಂದರೆ ಅಕ್ಕ, ಅಣ್ಣ ಎರಡೂ. ಹಿಂದೆ ಕಾವಲಿಗೆ ಒಬ್ಬ ಹುಡುಗ ಇದ್ದ, ಅವನು 'ನೋಂಗ್', ಅಂದರೆ ತಮ್ಮ. ಮುಂದೆ ಅಕ್ಕ, ಹಿಂದೆ ತಮ್ಮ, ನಡುವೆ ನಾವಿಬ್ಬರು ಮತ್ತು ಒಂದು ಡಚ್ ಕುಟುಂಬ. ಆ ಕುಟುಂಬದ ಒಂಬತ್ತು ವರ್ಷದ ಹುಡುಗಿ ನಮ್ಮೆಲ್ಲರಿಗಿಂತ ಚೆನ್ನಾಗಿ ಸೈಕಲ್ ಹೊಡೆಯುತ್ತಿದ್ದಳು.

ಹೊರಡುವ ಮುಂಚೆ ಸುಮ್ನೆ ಕೇಳಿದೆ, ಸೈಕಲ್ಲಿಗೆ ಥಾಯ್ ಭಾಷೆಯಲ್ಲಿ ಏನಂತಾರೆ ಅಂತ.

'ಚಕ್ಕ್ರಯಾನ್.'

ಇನ್ನೊಂದು ಸಲ ಹೇಳಿಸಿದೆ. ಚಕ್ರಯಾನ! ನಾವು ಯಾವುದೋ ಹಳೇ ಕಾವ್ಯದಲ್ಲೂ ಬಳಸದ ಮಾತು, ಇಲ್ಲಿ ಪಂಕ್ಚರ್ ಅಂಗಡಿಯವನ ಬಾಯಲ್ಲಿದೆ. ಅಲ್ಲಿಂದ ನನಗೆ ಅದೇ ಹುಚ್ಚು ಹಿಡಿಯಿತು. ಫೋನಿಗೆ ತೊರಸಪ್, ಅಂದರೆ ದೂರಶಬ್ದ. ಊಟಕ್ಕೆ ಆಹಾನ್, ನಮ್ಮ ಆಹಾರ. ಮೇಷ್ಟ್ರಿಗೆ ಖ್ರೂ, ಗುರು. ಎಲ್ಲರೂ ಕೈ ಮುಗಿದು ಹೇಳುವ ಸವಾದ್ದೀ ಸ್ವಸ್ತಿಯಿಂದ ಬಂದಿದ್ದು. ಉಚ್ಚಾರಣೆಯಲ್ಲಿ ಕೊನೆಯ ಅಕ್ಷರ ನುಂಗಿಬಿಡುತ್ತಾರೆ, ಅದಕ್ಕೇ ಮೊದಲ ಸಲಕ್ಕೆ ಗೊತ್ತಾಗಲ್ಲ.

ಇವರಿಗೆ ಇದರ ಲಾಭ ಊಟದಲ್ಲಿ ಆಯಿತು. ಸಸ್ಯಾಹಾರಿಗೆ 'ಮಾಂಗ್ಸವಿರತ್' ಅಂತಾರೆ. ಮಾಂಸವಿರತಿ! ಆದರೆ ಹಾಗಂದರೆ ಮೊಟ್ಟೆ ಹಾಕಿ ಕೊಟ್ಟುಬಿಡಬಹುದು, ನೀವು 'ಜೇ' ಅನ್ನಿ ಅಂತ ಪೀ ಹೇಳಿಕೊಟ್ಟರು. ಅದು ಚೀನೀ ಪದ್ಧತಿಯ ಕಟ್ಟುನಿಟ್ಟು. ಮಾಂಸ, ಮೊಟ್ಟೆ, ಹಾಲು ಇಲ್ಲ, ಬೆಳ್ಳುಳ್ಳಿ ಈರುಳ್ಳಿನೂ ಇಲ್ಲ. ನಮ್ಮ ಅತ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಅಂಗಡಿ ಮುಂದೆ ಕೆಂಪು ಅಕ್ಷರದ ಹಳದಿ ಬಾವುಟ ಕಂಡರೆ ನಿಂತುಬಿಡಿ. ಉಳಿದ ಕಡೆ 'ಮೈ ಸೈ ನಾಮ್ ಪ್ಲಾ' ಅನ್ನಬೇಕು, ಮೀನಿನ ಸಾಸ್ ಹಾಕಬೇಡಿ ಅಂತ. ಇವರು ನಾಲ್ಕು ದಿನ ಇದನ್ನ ಗಾಯತ್ರಿ ಹಾಗೆ ಜಪಿಸಿದರು.

ಚೈನಾಟೌನಿನ ದೊಡ್ಡ ರಸ್ತೆ ಯಾವಾರಾತ್ ಹೆಚ್ಚು ಹೊತ್ತು ಸಿಗಲೇ ಇಲ್ಲ. ಎರಡು ನಿಮಿಷಕ್ಕೆ ಪೀ ಒಂದು ಗೋಡೆಯ ಸಂದಿಯೊಳಗೆ ನುಗ್ಗಿಬಿಟ್ಟರು. ಹ್ಯಾಂಡಲ್ಲಿನ ಎರಡೂ ಕಡೆ ಒಂದೊಂದು ಗೇಣು ಜಾಗ. ಎಡಗಡೆ ಒಬ್ಬ ಅಜ್ಜಿ ಕಾಲು ಚಾಚಿ ಟೀವಿ ನೋಡುತ್ತಿದ್ದಾಳೆ, ಬಲಗಡೆ ಬಾಣಲೆಯಲ್ಲಿ ಏನೋ ಚುರುಗುಡುತ್ತಿದೆ, ತಲೆ ಮೇಲೆ ಒಣಹಾಕಿದ ಬನಿಯನ್ನು, ಮುಂದೆ ಮಲಗಿದ ಬೆಕ್ಕು. ಬೆಕ್ಕು ಏಳಲಿಲ್ಲ. ನಾವೇ ಇಳಿದು ಸೈಕಲ್ ಎತ್ತಿ ದಾಟಿದೆವು. ಯಾರೂ ಬೈಯಲಿಲ್ಲ, ಅಜ್ಜಿ ಕಾಲು ಮಾತ್ರ ಮಡಚಿದಳು. ಇಂಥ ಗಲ್ಲಿಗೆ ಕಾರು ಬರೋಕೆ ಆಗಲ್ಲ. ನಡೆದು ಬಂದರೆ ಎರಡು ತಿರುವಿನಲ್ಲಿ ದಾರಿ ತಪ್ಪುತ್ತೆ. ಪೀ ಹುಟ್ಟಿದ್ದೇ ಇಲ್ಲಿಂದ ಅರ್ಧ ಮೈಲಿ ದೂರದಲ್ಲಂತೆ.

ವಾತ್ ತ್ರೈಮಿತ್ ಅನ್ನುವ ಬೌದ್ಧ ದೇವಸ್ಥಾನದಲ್ಲಿ ಐದೂವರೆ ಟನ್ ತೂಕದ ಬಂಗಾರದ ಬುದ್ಧ ಇದ್ದಾನೆ. ಬಹಳ ಕಾಲ ಮೈತುಂಬ ಗಾರೆ ಮೆತ್ತಿಕೊಂಡು ಸಾಧಾರಣ ವಿಗ್ರಹದ ಹಾಗೆ ಕೂತಿದ್ದನಂತೆ. 1955ರಲ್ಲಿ ಜಾಗ ಬದಲಿಸುವಾಗ ಹಗ್ಗ ಹರಿದು ಬಿದ್ದು, ಗಾರೆ ಬಿರುಕು ಬಿಟ್ಟು, ಒಳಗಿನ ಹೊಳಪು ಕಂಡಿತು. ಕಥೆ ಚೆನ್ನಾಗಿದೆ, ಆದರೆ ಜನ ಜಾಸ್ತಿ. ಹತ್ತು ನಿಮಿಷ ನಿಂತು ಹೊರಟೆವು. ನನಗೆ ಹಿಡಿಸಿದ್ದು ಹತ್ತಿರದ ತಲಾತ್ ನೋಯ್. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನೆಲ್ಲ ಒಂದು ಗಲ್ಲಿಗೆ ತುರುಕಿ ನಡುವೆ ಚೀನೀ ಗುಡಿ ಇಟ್ಟರೆ ಹೇಗಿರುತ್ತೋ ಹಾಗೆ. ಆಳೆತ್ತರಕ್ಕೆ ಹಳೇ ಇಂಜಿನ್ನು, ಗೇರ್‌ಬಾಕ್ಸು, ಎಣ್ಣೆ ವಾಸನೆ. ಅದರ ಮಧ್ಯೆ ಒಂದು ಕೆಂಪು ಬಾಗಿಲು. ಒಳಗೆ ಹೋದರೆ ಹೊಕ್ಕಿಯನ್ ಚೀನೀಯರ ಹಳೇ ತೊಟ್ಟಿಮನೆ, ತೊಟ್ಟಿ ಇರಬೇಕಾದ ಕಡೆ ನೀಲಿ ನೀರಿನ ಈಜುಕೊಳ! ಆ ಮನೆಯವರು ಸ್ಕೂಬಾ ಡೈವಿಂಗ್ ಹೇಳಿಕೊಡೋಕೆ ಮಾಡಿಸಿದ್ದು.

ಅಲ್ಲಿಂದ ಸೈಕಲ್ ಸಮೇತ ದೋಣಿ ಹತ್ತಿ ಚಾವ್ ಫ್ರಾಯಾ ನದಿ ದಾಟಿದೆವು. ಆ ಕಡೆ ಥೋನ್‌ಬುರಿ. 1767ರಲ್ಲಿ ಬರ್ಮಾದವರು ಹಳೇ ರಾಜಧಾನಿ ಅಯುತ್ಥಯವನ್ನು ಸುಟ್ಟ ಮೇಲೆ ತಾಕ್ಸಿನ್ ರಾಜ ರಾಜಧಾನಿ ಮಾಡಿಕೊಂಡಿದ್ದು ಈ ದಡವನ್ನೇ. 1782ರಲ್ಲಿ ಮುಂದಿನ ರಾಜ, ಮೊದಲನೇ ರಾಮ, ಎದುರು ದಡಕ್ಕೆ ಹೋದ, ಅದೇ ಈಗಿನ ಬ್ಯಾಂಕಾಕ್. ಯುದ್ಧದಲ್ಲಿ ಜೊತೆಗಿದ್ದ ಪೋರ್ಚುಗೀಸರಿಗೆ ತಾಕ್ಸಿನ್ ನದಿ ಪಕ್ಕ ಜಾಗ ಕೊಟ್ಟ. ಆ ಕೇರಿಯೇ ಕುಡಿ ಚಿನ್. ಸಾಂತಾ ಕ್ರೂಸ್ ಚರ್ಚಿದೆ, ಈಗಿನ ಕಟ್ಟಡ 1916ರದ್ದು. ಪಕ್ಕದಲ್ಲೇ ಬೌದ್ಧರ ವಾತ್, ಸ್ವಲ್ಪ ದೂರದಲ್ಲಿ ಥಾಯ್ ದೇವಸ್ಥಾನದ ಶೈಲಿಯಲ್ಲೇ ಕಟ್ಟಿದ ಬಾಂಗ್ ಲುವಾಂಗ್ ಮಸೀದಿ. ಬಿಳಿ ಗೋಡೆ, ಹಸಿರು ಮಾಡು. ಪೀ ಹೇಳದಿದ್ದರೆ ಮಸೀದಿ ಅಂತ ಗೊತ್ತಾಗುತ್ತಿರಲಿಲ್ಲ.

ಈ ಕೇರಿಯಲ್ಲಿ ಇನ್ನೂರು ವರ್ಷಕ್ಕೂ ಹಳೇ ರೆಸಿಪಿಯ ಕೇಕ್ ಸಿಗುತ್ತೆ. ಬಾತುಕೋಳಿ ಮೊಟ್ಟೆ, ಹಿಟ್ಟು, ಸಕ್ಕರೆ, ಅಷ್ಟೇ. ಬೆಣ್ಣೆ ಇಲ್ಲ. ಮೇಲೆ ಒಣದ್ರಾಕ್ಷಿ. ಹೆಸರು 'ಖನೊಮ್ ಫರಂಗ್'. ಫರಂಗ್ ಅಂದರೆ ಬಿಳಿಯ, ವಿದೇಶದವನು ಅಂತ ಪೀ ಶುರುಮಾಡಿದರು. ಗೊತ್ತು, ನಮ್ಮಲ್ಲೂ ಪರಂಗಿ ಅಂತಾರೆ ಅಂದೆ. ಆ ಪದಕ್ಕೆ ಇನ್ನೊಂದು ಅರ್ಥ ಇದೆ, ಅದೊಂದು ಹಣ್ಣು ಅಂದರು. ಅದೂ ಗೊತ್ತು, ಪರಂಗಿ ಹಣ್ಣು ಅಂತ ಪಕ್ಕದ ಗಾಡಿಯಲ್ಲಿದ್ದ ಪಪ್ಪಾಯ ತೋರಿಸಿದೆ. ಅವರು ಜೋರಾಗಿ ನಕ್ಕು ಅದೇ ಗಾಡಿಯಿಂದ ಸೀಬೆಕಾಯಿ ಎತ್ತಿ ತೋರಿಸಿದರು. ಥಾಯ್‌ನಲ್ಲಿ ಫರಂಗ್ ಅಂದರೆ ಸೀಬೆ! ಪೋರ್ಚುಗೀಸರು ಹಡಗಿನಲ್ಲಿ ತಂದ ಹಣ್ಣುಗಳು. ನಾವು ಒಂದಕ್ಕೆ ಅವರ ಹೆಸರಿಟ್ಟೆವು, ಥಾಯ್ ಜನ ಇನ್ನೊಂದಕ್ಕೆ.

ಕೇಕ್ ಸುಮಾರಾಗಿತ್ತು, ಒಣ ಒಣ. ಮೊಟ್ಟೆ ಅಂತ ಇವರು ಮುಟ್ಟಲಿಲ್ಲ, ಇಬ್ಬರದ್ದೂ ನಾನೇ ತಿಂದೆ.

ಎರಡನೇ ದಿನ, ಶುಕ್ರವಾರ

ಹಗಲಿಡೀ ಹೋಟೆಲಿನಲ್ಲಿ ಬಿದ್ದುಕೊಂಡಿದ್ದೆವು. ಡಿಸೆಂಬರ್ ಆದರೂ ಮಧ್ಯಾಹ್ನ 32 ಡಿಗ್ರಿ, ಜೊತೆಗೆ ಹಿಂದಿನ ದಿನದ ಸೀಟು ನೋವು. ಅದು ಎಲ್ಲಿ ನೋಯುತ್ತೆ ಅಂತ ಸೈಕಲ್ ಹೊಡೆದವರಿಗೆ ಹೇಳಬೇಕಿಲ್ಲ.

ಸಂಜೆ ಆರಕ್ಕೆ ರಾತ್ರಿ ಸವಾರಿ, ಹಳೇ ಊರಿನಲ್ಲಿ. ಬ್ಯಾಂಕಾಕಿನ ಸಿಗ್ನಲ್ಲುಗಳು ನಮ್ಮೂರಿನವಕ್ಕಿಂತ ಉದ್ದ, ಕೆಂಪು ಬಿದ್ದರೆ ಮುಗಿಯಿತು. ಅಂಥ ಒಂದು ಸಿಗ್ನಲ್ಲಿನಲ್ಲಿ ಪೀ ಕಾಲು ಊರಿ ನಿಂತು, ಈ ಊರಿನ ಪೂರ್ತಿ ಹೆಸರು ಹೇಳ್ತೀನಿ, ಹಸಿರು ಬರೋದ್ರೊಳಗೆ ಮುಗಿಯುತ್ತೋ ಇಲ್ಲವೋ ನೋಡೋಣ ಅಂದರು. ಕ್ರುಂಗ್ ಥೇಪ್ ಮಹಾನಖೊನ್ ಅಮೊನ್ ರತ್ತನಕೋಸಿನ್ ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರು. ನಾನು ಕಿವಿ ಕೊಟ್ಟು ಹೆಕ್ಕಿದೆ: ಮಹಾನಗರ, ಅಮರ, ಇಂದ್ರ, ಅಯೋಧ್ಯೆ, ನವರತ್ನ, ರಾಜಧಾನಿ, ಅವತಾರ. ಕೊನೆಗೆ 'ವಿಸ್ಸನುಕಮ್ ಪ್ರಸಿತ್'. ಇಂದ್ರನ ಅಪ್ಪಣೆಯಂತೆ ವಿಶ್ವಕರ್ಮ ಕಟ್ಟಿದ ಊರು ಅನ್ನೋದು ಕೊನೆಯ ಸಾಲಿನ ಅರ್ಥ. ಮುಗಿದಾಗ ಸಿಗ್ನಲ್ ಇನ್ನೂ ಕೆಂಪೇ ಇತ್ತು. ಪಕ್ಕದ ಬೈಕಿನವನು ಚಪ್ಪಾಳೆ ಹೊಡೆದ.

ವಾತ್ ಸುಥಾತ್ ಎದುರಿಗೆ ದೊಡ್ಡ ಕೆಂಪು ಕಮಾನೊಂದಿದೆ, ಸಾಗುವಾನಿ ಮರದ್ದು. ನಾನು ಯಾವುದೋ ಹೆಬ್ಬಾಗಿಲು ಅಂದುಕೊಂಡೆ. ಅದು ಉಯ್ಯಾಲೆ! 1784ರಲ್ಲಿ ಮೊದಲು ನಿಲ್ಲಿಸಿದ್ದು, ಈಗಿರುವ ಕಂಬಗಳು ಹೊಸವು. ಒಂದು ಕಾಲದಲ್ಲಿ ಇದರ ಮೇಲೆ ಗಂಡಸರು ನಿಂತು ಜೀಕಿ, ಪಕ್ಕದ ಕಂಬಕ್ಕೆ ಕಟ್ಟಿದ ದುಡ್ಡಿನ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ತರಬೇಕಿತ್ತು. ಬಿದ್ದು ಸಾಯುತ್ತಿದ್ದರು. 1935ರಲ್ಲಿ ಆ ಆಟವನ್ನೇ ನಿಲ್ಲಿಸಿದರು. ಅದನ್ನು ನಡೆಸುತ್ತಿದ್ದವರು ಅರಮನೆಯ ಬ್ರಾಹ್ಮಣರು. ತಮ್ಮ ಹಿರಿಯರು ದಕ್ಷಿಣ ಭಾರತದಿಂದ ಬಂದವರು ಅಂತ ಹೇಳಿಕೊಳ್ಳುತ್ತಾರೆ. ಅವರ ಗುಡಿ 'ದೇವಸಥಾನ್' ಅಲ್ಲೇ ಪಕ್ಕದಲ್ಲಿದೆ.

ಆ ಉಯ್ಯಾಲೆ ಹಬ್ಬದ ಹೆಸರೇನು ಅಂತ ಕೇಳಿದೆ. 'ತ್ರಿಯಂಪವಾಯ್, ತ್ರಿಪವಾಯ್.' ನನಗೆ ತಲೆಗೆ ಹೋಗಲಿಲ್ಲ. ಇವರು ಮೇಲುಕೋಟೆ ಕಡೆಯವರು. ಸೈಕಲ್ ಸ್ಟ್ಯಾಂಡ್ ಹಾಕುತ್ತಿದ್ದವರು ಹಾಗೇ ತಿರುಗಿದರು. 'ತಿರುಪ್ಪಾವೈ ಕಣೇ!' ಧನುರ್ಮಾಸದಲ್ಲಿ ಚಳಿಗೆ ನಡುಗುತ್ತಾ ಅಜ್ಜನ ಜೊತೆ ಕೂತು ಹೇಳಿದ್ದರಂತೆ. ನಾವು ನಿಂತಿದ್ದೂ ಧನುರ್ಮಾಸದಲ್ಲೇ. ಶಿವನ ತಿರುವೆಂಪಾವೈ, ವಿಷ್ಣುವಿನ ತಿರುಪ್ಪಾವೈ, ಎರಡೂ ತಮಿಳು ಭಕ್ತಿಗೀತೆಗಳು ಹಡಗು ಹತ್ತಿ ಬಂದು ಇಲ್ಲಿ ಉಯ್ಯಾಲೆ ಹಬ್ಬ ಆಗಿವೆ. ಇವರು ಆ ಕಂಬದ ಕೆಳಗೆ ನಿಂತು ತಿರುಪ್ಪಾವೈಯ ಮೊದಲ ಪಾಶುರ, ಅಂದರೆ ಮೊದಲ ಪದ್ಯ ಹೇಳಿದರು, ಅರ್ಧಕ್ಕೆ ಮರೆತುಹೋಯಿತು. ಪೀ ಕೈ ಮುಗಿದುಕೊಂಡೇ ನಿಂತಿದ್ದರು. ನೋಂಗ್ ವೀಡಿಯೊ ಮಾಡಿದ.

ವಾತ್ ಅರುಣ್ ನದಿಯಾಚೆ ದೀಪದಲ್ಲಿ ಹೊಳೆಯುತ್ತಿತ್ತು. ಎಲ್ಲರೂ ತೆಗೆಯುವ ಫೋಟೋ ನಾವೂ ತೆಗೆದೆವು.

ಕೊನೆಗೆ ಪಾಕ್ ಖ್ಲೋಂಗ್ ತಲಾತ್, ಹೂವಿನ ಮಾರುಕಟ್ಟೆ. ರಾತ್ರಿ ಹತ್ತಕ್ಕೆ ಅಲ್ಲಿ ಬೆಳಗಾಗುತ್ತೆ. ಕೆ.ಆರ್. ಮಾರುಕಟ್ಟೆಯ ಗಲಾಟೆ ಇಲ್ಲ, ಯಾರೂ ಕೂಗಲ್ಲ, ಆದರೆ ಚೆಂಡುಹೂವಿನ ರಾಶಿ ಅದೇ, ಕಾಲಡಿಯ ಒದ್ದೆ ಅದೇ. ಒಂದು ಅಂಗಡಿ ಮುಂದೆ ಹೆಂಗಸೊಬ್ಬಳು ತಾವರೆ ಮೊಗ್ಗು ಮಡಚುತ್ತಿದ್ದಳು. ನಾನು ಸೈಕಲ್ಲಿಗೆ ಒರಗಿ ನೋಡುತ್ತಾ ನಿಂತುಬಿಟ್ಟೆ. ಮೊಗ್ಗನ್ನು ಎಡಗೈಲಿ ಹಿಡಿದು ಅಂಗೈಯಿಂದ ಎರಡು ಸಲ ಮೆಲ್ಲಗೆ ತಟ್ಟುತ್ತಾಳೆ, ಎಸಳು ಸಡಿಲ ಆಗುತ್ತೆ. ಹೊರಗಿನ ಎಸಳಿನ ಎರಡು ತುದಿ ಒಳಗೆ ಸೇರಿಸಿ ತ್ರಿಕೋನ ಮಾಡಿ, ಹೆಬ್ಬೆರಳಿನಿಂದ ಬುಡಕ್ಕೆ ಒತ್ತುತ್ತಾಳೆ. ನಾವು ವೀಳ್ಯ ಮಡಚುವ ಹಾಗೇ. ಆಮೇಲೆ ಮುಂದಿನ ಎಸಳು. ಸುತ್ತು ಮುಗಿಯುವಷ್ಟರಲ್ಲಿ ಹಸಿರು ಮೊಗ್ಗು ಬಿಳಿ ಗುಲಾಬಿಯ ಹಾಗಾಯಿತು. ಕಣ್ಣು ಮಾತ್ರ ಪೂರ್ತಿ ಹೊತ್ತು ಎದುರಿನ ಫೋನಿನ ಸೀರಿಯಲ್ ಮೇಲೆ. ಪಕ್ಕದ ತಟ್ಟೆಯಲ್ಲಿ ಮಲ್ಲಿಗೆ ಮೊಗ್ಗು ಇತ್ತು. ಏನಂತೀರಿ ಅಂದೆ. 'ಮಲಿ.' ಒಂದು ಹಿಡಿ ಕೊಟ್ಟಳು. ದಾರ ಇರಲಿಲ್ಲ, ಜೇಬಿಗೆ ಹಾಕಿಕೊಂಡೆ.

ಮೂರನೇ ದಿನ, ಶನಿವಾರ

ಬ್ಯಾಂಕಾಕಿನ ನಕ್ಷೆ ನೋಡಿದರೆ ದಕ್ಷಿಣಕ್ಕೆ ನದಿ ಒಂದು ಕಡೆ ಸುತ್ತು ಹೊಡೆದು, ಇನ್ನೇನು ತನ್ನನ್ನೇ ಮುಟ್ಟುತ್ತೆ ಅನ್ನುವ ಹಾಗಿದೆ. ಆ ಸುತ್ತಿನ ಒಳಗಿನ ಹಸಿರೇ ಬಾಂಗ್ ಕ್ರಾಚಾವ್. ಪ್ರವಾಸಿಗಳಿಗೆ ಅದು ಬ್ಯಾಂಕಾಕಿನ ಶ್ವಾಸಕೋಶ. ಅಲ್ಲಿಯವರು ಆಕಾರ ನೋಡಿ 'ಹಂದಿ ಹೊಟ್ಟೆ' ಅಂತಾರೆ, ನನಗೆ ಅದೇ ಜಾಸ್ತಿ ಇಷ್ಟ ಆಯಿತು. ಲೆಕ್ಕಕ್ಕೆ ಬೇರೆ ಜಿಲ್ಲೆ, ಸಮುತ್ ಪ್ರಾಕಾನ್. ಹೌದು, ಸಮುದ್ರ ಪ್ರಾಕಾರ. ಈ ಹೊತ್ತಿಗೆ ಇವರು 'ಸಾಕು ಮಾರಾಯ್ತಿ' ಅನ್ನೋಕೆ ಶುರುಮಾಡಿದ್ದರು.

ಖ್ಲೋಂಗ್ ತೋಯ್ ಹತ್ತಿರದ ಸಣ್ಣ ಕಟ್ಟೆಯಿಂದ ಉದ್ದ ಬಾಲದ ದೋಣಿ. ಹಿಂದೆ ವಾಹನದ ಇಂಜಿನ್ನನ್ನೇ ಕೂರಿಸಿ, ಅದಕ್ಕೆ ಮಾರುದ್ದದ ಸರಳು ಸಿಕ್ಕಿಸಿ, ತುದಿಗೆ ಫ್ಯಾನು. ಕಿವಿ ಗಡಚಿಕ್ಕುವ ಸದ್ದು. ನೋಂಗ್ ಸೈಕಲ್ಲುಗಳನ್ನು ಅಡ್ಡಡ್ಡ ಪೇರಿಸಿದ. ಕೆಲವೇ ನಿಮಿಷದಲ್ಲಿ ಆ ದಡ. ಇಳಿದು ತಿರುಗಿದರೆ ಹಿಂದೆ ಗಾಜಿನ ಕಟ್ಟಡಗಳ ಸಾಲು, ಮುಂದೆ ತೆಂಗಿನ ತೋಟ.

ನನಗೆ ತಕ್ಷಣ ಊರು ನೆನಪಾಯಿತು. ಸ್ವರ್ಣಾ ನದಿ ನಡುವಿನ ದ್ವೀಪಗಳು, ನಮ್ಮ ಕುದ್ರುಗಳೇ! ತೋಡು ತೋಡಿ ಮಣ್ಣು ಏರಿಸಿದ ದಿಬ್ಬ, ದಿಬ್ಬದ ಮೇಲೆ ತೆಂಗು, ತೋಡಿನಲ್ಲಿ ಉಪ್ಪು ಸೇರಿದ ನೀರು, ಕೆಸರಿನ ಮೇಲೆ ಕುಪ್ಪಳಿಸುವ ಮೀನು. ನಮ್ಮ ಉಪ್ಪುನೀರಿನ ಕಾಂಡ್ಲಾ ಗಿಡಗಳ ಜಾಗದಲ್ಲಿ ಇಲ್ಲಿ ನೀಪಾ, ಕಾಂಡವೇ ಇಲ್ಲದೆ ನೀರಿನಿಂದ ನೇರ ಗರಿ ಎದ್ದ ತಾಳೆ. ಮನೆ ಮುಂದೆಲ್ಲ ಕಂಬದ ಮೇಲೆ ಪುಟ್ಟ ಗುಡಿ, ಜಾಗದ ದೈವಕ್ಕೆ. ನೈವೇದ್ಯಕ್ಕೆ ಸ್ಟ್ರಾ ಹಾಕಿದ ಕೆಂಪು ಫ್ಯಾಂಟಾ ಬಾಟಲಿ. ನಮ್ಮ ಕಡೆ ದೈವಗಳು ಸೀಯಾಳಕ್ಕೇ ತೃಪ್ತಿ.

ದಾರಿ ಅಂದರೆ ಜೌಗಿನ ಮೇಲೆ ಕಂಬ ನೆಟ್ಟು ಹಾಕಿದ ಕಾಂಕ್ರೀಟ್ ಹಲಗೆ. ಅಗಲ ಒಂದು ಮಂಚದಷ್ಟು. ಕೆಲವು ಕಡೆ ಕಂಬಿ ಇದೆ, ಕೆಲವು ಕಡೆ ಇಲ್ಲ, ತಿರುವುಗಳು ತೊಂಬತ್ತು ಡಿಗ್ರಿ. ಪೀ ಶುರುವಿನಲ್ಲೇ ಹೇಳಿದ್ದರು: ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ, ಎಲ್ಲಿಗೆ ಬೀಳ್ತೀವೋ ಅಂತ ಭಯವೋ ಅಲ್ಲಿ ನೋಡಬೇಡಿ. ಇವರು ಹೆದರಿಕೆಗೆ ಪ್ರತಿ ತಿರುವಿನಲ್ಲೂ ಇಳಿದು ತಳ್ಳುತ್ತಿದ್ದರು. ನಾನು ಹಿಂದಿನಿಂದ ಬೆಲ್ ಹೊಡೆದು ರೇಗಿಸುತ್ತಿದ್ದೆ.

ಎಡಗಡೆ ಕೆಸರಿನಲ್ಲಿ ಏನೋ ಸರಿದ ಹಾಗಾಯಿತು. ಉಡ. ಮೊಸಳೆ ಮರಿಯಷ್ಟು ದೊಡ್ಡದು, ನಾಲಿಗೆ ಚಾಚುತ್ತಾ ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ನೋಡಿದೆ. ನೋಡಿದ ಕಡೆಗೇ ಸೈಕಲ್ ಹೋಯಿತು.

ಬಿದ್ದಿದ್ದು ತೊಡೆಯವರೆಗೆ ಕೆಸರಿಗೆ, ನೋವೇನೂ ಆಗಲಿಲ್ಲ. ಉಡ ಅಷ್ಟರಲ್ಲಿ ಮಾಯ. ನೋಂಗ್ ಓಡಿ ಬಂದ, ಬಂದವನು ಮೊದಲು ಸೈಕಲ್ ಎತ್ತಿದ, ಆಮೇಲೆ ನನ್ನನ್ನು. ಪೀ ಮೇಲೆ ನಿಂತು 'ಮೈ ಪೆನ್ ರೈ, ಮೈ ಪೆನ್ ರೈ' ಅನ್ನುತ್ತಿದ್ದರು, ಪರವಾಗಿಲ್ಲ ಪರವಾಗಿಲ್ಲ ಅಂತ. ಪರವಾಗಿಲ್ಲ ಅನ್ನಬೇಕಾದವಳು ನಾನಲ್ವಾ? ಇವರು ಫೋಟೋ ತೆಗೆಯುತ್ತಿದ್ದರು. ಅದು ಈಗ ಎರಡೂ ಮನೆಯ ವಾಟ್ಸಾಪ್ ಗುಂಪಿನಲ್ಲಿದೆ.

ಪಕ್ಕದ ಮನೆಯ ಹೆಂಗಸು ಸದ್ದು ಕೇಳಿ ಹೊರಗೆ ಬಂದು ನೋಡಿ, ಮಾತೇ ಆಡದೆ ಒಳಗೆ ಹೋಗಿ ಪೈಪು ತಂದರು. ಗಿಡಕ್ಕೆ ನೀರು ಬಿಡುವ ಹಾಗೆ ನನ್ನ ಕಾಲಿಗೆ ಬಿಟ್ಟರು. ಆಮೇಲೆ ಒಂದು ಹೂ ಹೂವಿನ ಫಾ ಥುಂಗ್ ಕೊಟ್ಟರು, ನಮ್ಮ ಲುಂಗಿಯ ಹಾಗೇ ಹೊಲೆದದ್ದು. ಸೊಂಟದಲ್ಲಿ ಸಿಕ್ಕಿಸಿಕೊಳ್ಳಲು ಹೇಳಿಕೊಡೋಕೆ ಬಂದರು, ಅಷ್ಟರಲ್ಲಿ ನಾನು ಉಟ್ಟು ಮಂಡಿಗೆ ಎತ್ತಿ ಕಟ್ಟಿಯೂ ಆಗಿತ್ತು. ಗದ್ದೆಯಲ್ಲಿ ಅಮ್ಮ ಕಟ್ಟುತ್ತಿದ್ದ ಹಾಗೆ. ಅವರು ಪೀ ಹತ್ತಿರ ಏನೋ ಅಂದರು. 'ಇವರು ನಮ್ಮ ಕಡೆಯವರೇ' ಅಂದರಂತೆ. ದುಡ್ಡು ತೆಗೆದುಕೊಳ್ಳಲಿಲ್ಲ, ಬಟ್ಟೆ ವಾಪಸ್ ಕೊಡೋದೂ ಬೇಡ ಅಂದರು. ಉಳಿದ ದಿನವೆಲ್ಲ ನಾನು ಅದರಲ್ಲೇ ಸೈಕಲ್ ಹೊಡೆದೆ.

ಉಡದ ನಿಜವಾದ ಹೆಸರು ಥಾಯ್‌ನಲ್ಲಿ ಕೆಟ್ಟ ಬೈಗುಳ ಅಂತೆ. ಅದಕ್ಕೇ ಮರ್ಯಾದಸ್ಥರು 'ಬೆಳ್ಳಿ ಬಂಗಾರ' ಅಂತಾರೆ. ಹಾವಿಗೆ ಹುಳ ಅನ್ನುವ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾಂಗ್ ನಾಮ್ ಫುಯೆಂಗ್ ಸಂತೆ ವಾರಾಂತ್ಯಕ್ಕೆ ಮಾತ್ರ. ತೇಲುವ ಮಾರುಕಟ್ಟೆ ಅಂತಾರೆ, ನಾವು ನೋಡಿದ ಮಟ್ಟಿಗೆ ಅಂಗಡಿಗಳೆಲ್ಲ ದಡದ ಮೇಲೇ. ಅಲ್ಲಿ ಖನೊಮ್ ಚಾಕ್ ತಿನ್ನಿ: ಅಂಟಕ್ಕಿ ಹಿಟ್ಟು, ಕಾಯಿತುರಿ, ತಾಳೆಬೆಲ್ಲ ಕಲಸಿ ನೀಪಾ ಗರಿಯಲ್ಲಿ ಮಡಚಿ ಕೆಂಡದ ಮೇಲೆ ಸುಟ್ಟದ್ದು. ಅರಿಶಿನ ಎಲೆ ಕಡುಬನ್ನು ಬೇಯಿಸುವ ಬದಲು ಸುಟ್ಟರೆ ಹೀಗೇ ಆಗಬಹುದು. ಮೀನಿನ ಸಾಸ್ ಪ್ರಶ್ನೆಯೇ ಇಲ್ಲ. ಇವರು ಹನ್ನೊಂದು ತಿಂದರು, ಎಣಿಸಿದ್ದೇನೆ.

ಗೈಡ್ ಇಲ್ಲದೆಯೂ ಇಲ್ಲಿಗೆ ಬರಬಹುದು. ದೋಣಿ ಇಳಿದ ಕಡೆಯೇ ಬಾಡಿಗೆ ಸೈಕಲ್ ಸಿಗುತ್ತೆ, ಗೈಡ್ ಜೊತೆ ಬಂದರೆ ಆಗುವ ಖರ್ಚಿನ ಹತ್ತನೇ ಒಂದು ಪಾಲೂ ಆಗಲ್ಲ. ಆದರೆ ಬಿದ್ದಾಗ ಆ ಹೆಂಗಸಿನ ಹತ್ತಿರ ಮಾತಾಡೋಕೆ ಪೀ ಇರುತ್ತಿರಲಿಲ್ಲ.

ನಾಲ್ಕನೇ ದಿನ, ಭಾನುವಾರ

ರಾತ್ರಿ ವಿಮಾನ. ಬೆಳಿಗ್ಗೆ ಥೋನ್‌ಬುರಿಯ ಕಾಲುವೆ ಪಕ್ಕ ನಿಧಾನಕ್ಕೆ ಸುತ್ತಿ, ಖ್ಲೋಂಗ್ ಬಾಂಗ್ ಲುವಾಂಗ್‌ನ 'ಬಾನ್ ಸಿಲಪಿನ್' ಅನ್ನುವ ಹಳೇ ಮರದ ಮನೆಗೆ ಹೋದೆವು. ಸಿಲಪಿನ್ ಅಂದರೆ ಕಲಾವಿದ, ನಮ್ಮ ಶಿಲ್ಪಿ. ಅಲ್ಲಿ ಗೊಂಬೆಯಾಟ. ಉಪ್ಪಿನಕುದ್ರಿನ ಗೊಂಬೆಗಳ ಹಾಗೆ ದಾರದ ಗೊಂಬೆ ಅಲ್ಲ. ಒಂದೊಂದು ಗೊಂಬೆಗೆ ಕಪ್ಪು ಬಟ್ಟೆಯ ಮೂವರು, ಗೊಂಬೆಯ ಜೊತೆಗೇ ಹೆಜ್ಜೆ ಹಾಕುತ್ತಾರೆ. ಐದು ನಿಮಿಷ ಆದ ಮೇಲೆ ಆ ಮೂವರು ಕಾಣೋದೇ ಇಲ್ಲ. ರಾಮಾಯಣದ ಕಥೆ, ಬಿಳಿ ಹನುಮಂತ. ಈ ಊರಿನ ಹನುಮಂತ ಬ್ರಹ್ಮಚಾರಿ ಅಲ್ಲ, ಹುಡುಗಿಯರ ಹಿಂದೆ ಬೀಳುವವನು. ಆಟ ಮುಗಿದ ಮೇಲೆ ಜನರ ಮಧ್ಯೆ ಬಂದು ಡಚ್ ಹುಡುಗಿಯ ಜಡೆ ಎಳೆದ, ಇವರ ಬೋಳು ತಲೆ ಸವರಿದ. ಇವರು ಪ್ರತಿ ಶನಿವಾರ ಆಂಜನೇಯನ ಗುಡಿಗೆ ತಪ್ಪದೆ ಹೋಗುವವರು. ಏನು ಮಾಡಬೇಕು ಗೊತ್ತಾಗದೆ ನಮಸ್ಕಾರ ಮಾಡಿದರು. ಹನುಮಂತನೂ ಕೈ ಮುಗಿದ.

ಸಂಜೆ ಸೈಕಲ್ ವಾಪಸ್ ಕೊಟ್ಟೆವು. ನೋಂಗ್ ಚಕ್ರದ ಸಂದಿಯಲ್ಲಿದ್ದ ನಿನ್ನೆಯ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ ನನ್ನ ಕಡೆ ನೋಡಿ ನಗುತ್ತಿದ್ದ. ಪೀ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂತರು.

'ನಾಲ್ಕು ದಿನದಿಂದ ನಮ್ಮ ಪದಗಳನ್ನೆಲ್ಲ ನಿಮ್ಮವು ನಿಮ್ಮವು ಅಂತಿದ್ದೀರಿ. ಹೇಳಿ, ಚಕ್ರಯಾನಕ್ಕೆ ನಿಮ್ಮ ಭಾಷೆಯಲ್ಲಿ ಏನಂತೀರಿ?'

'ಸೈಕಲ್' ಅಂದೆ.

'ಅದು ಇಂಗ್ಲಿಷು. ನಿಮ್ಮ ಭಾಷೆಯಲ್ಲಿ?'

ನಾನು ಇವರ ಮುಖ ನೋಡಿದೆ. ಇವರು ಸೀಲಿಂಗ್ ನೋಡಿದರು. ದ್ವಿಚಕ್ರ ವಾಹನ ಅಂದರೆ ಸ್ಕೂಟರ್ ಆಗುತ್ತೆ ಅಂತ ಪಿಸುಗುಟ್ಟಿದರು. ಬೈಸಿಕಲ್ ಅನ್ನಲಾ ಅಂತಲೂ ಒಂದು ಕ್ಷಣ ಅನಿಸಿತು.

'ಸೈಕಲ್ಲೇ' ಅಂದೆ.